ಓಬಳಪ್ಪನನ್ನು ಕರೆದ ಇಂಗ್ಲಿಷ್ ಹಾಡು

ಮುದ್ದೆ ತಿರುವುವಾಗ ನನಗೊಂದು ಅಭ್ಯಾಸವಿದೆ. ಎಸರು ಕುದಿದು, ಹಿಟ್ಟು ಬೆಂದು, ಕೋಲು ಹಾಕಿ ಗಂಟಿಲ್ಲದಂತೆ ತಿರುವಲು ತೊಡಗಿದೊಡನೆ ಬಾಯಿಗೆ ಒಂದು ಇಂಗ್ಲಿಷ್ ಹಾಡು ಬಂದು ಕೂರುತ್ತದೆ. ದೇವರನಾಮವಲ್ಲ, ಸೋಬಾನೆಯಲ್ಲ, ಇಂಗ್ಲಿಷ್ ಹಾಡು. ಕೋಲಿನ ಜೊತೆಗೆ ನನ್ನ ಸೊಂಟವೂ ಸ್ವಲ್ಪ ಆಡುತ್ತದೆ ಎಂದು ಸೊಸೆ ಹೇಳುತ್ತಾಳೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಯುಸ್ಸೆಲ್ಲ ಮಕ್ಕಳನ್ನು ಕೈಕಟ್ಟಿ ಕೂರಿಸಿದ ಟೀಚರಮ್ಮನ ಸೊಂಟ ಹಾಗೆಲ್ಲ ಆಡುವಂಥದ್ದಲ್ಲ.

“ಯಾವ ಸಿನಿಮಾದ್ದು ಅತ್ತೆ ಅದು?” ಎಂದು ಮೊನ್ನೆ ಕೇಳಿದಳು.

“ಸಿನಿಮಾದ್ದಲ್ಲ, ನಮ್ಮೂರಿನದು” ಎಂದೆ.

ಅವಳು ನಕ್ಕಳು. ನೀವೂ ನಗಬಹುದು, ಬೇಸರವಿಲ್ಲ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಆ ಹಾಡಿನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಗ್ರಾಮಫೋನ್ ಪ್ಲೇಟಿನ ನಡುವೆ ಅಂಟಿಸಿದ್ದ ಕಾಗದ ನಮ್ಮ ಕಡೆಗೆ ಬರುವ ಮೊದಲೇ ಕಿತ್ತುಹೋಗಿತ್ತು. ಅಮೆರಿಕದ ಕರಿಯ ಜನ ಕಟ್ಟಿ ಹಾಡಿದ್ದು ಎಂಬುದಷ್ಟೇ ಗೊತ್ತು. ಆ ಬಗೆಯ ಸಂಗೀತಕ್ಕೆ ಸೋಲ್ ಎಂದೂ ಫಂಕ್ ಎಂದೂ ಹೆಸರುಂಟು ಎಂದು ತಿಳಿಯುವಷ್ಟರಲ್ಲಿ ನನ್ನ ತಲೆ ನೆರೆತಿತ್ತು. ನಮ್ಮೂರಿನಲ್ಲಿ ಅದಕ್ಕೆ ಇದ್ದ ಹೆಸರು ಒಂದೇ: ಓಬಳಪ್ಪನ ಹಾಡು.

ನಮ್ಮೂರು ಮಧುಗಿರಿ ತಾಲ್ಲೂಕು ದೊಡ್ಡೇರಿ ಹೋಬಳಿಯ ಒಂದು ಹಳ್ಳಿ. ಊರೆಂದರೆ ಊರು ಬೇರೆ, ನಾವಿದ್ದ ಕಾಲೋನಿ ಬೇರೆ. ನಡುವೆ ಒಂದು ಹಳ್ಳ. ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ನಮ್ಮಪ್ಪ ಕದರಪ್ಪ ತಮಟೆ ಬಾರಿಸುತ್ತಿದ್ದ. ಊರಲ್ಲಿ ಹಬ್ಬವಾದರೆ, ಸಾವಾದರೆ, ದೊಡ್ಡವರು ಯಾರಾದರೂ ಬಂದರೆ ಅವನಿಗೆ ಕರೆ ಬರುತ್ತಿತ್ತು. ಮಿಕ್ಕ ದಿನ ಕೂಲಿ. ಅವ್ವನೂ ಕೂಲಿಗೆ ಹೋಗುತ್ತಿದ್ದಳು. ಇಬ್ಬರಿಗೂ ಓದು ಬಾರದು. ನಾನೊಬ್ಬಳು ಓದಿನ ಹುಚ್ಚು ಹತ್ತಿಸಿಕೊಂಡು ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. “ಇದಕ್ಕೆ ಯಾರ ಗಾಳಿ ಬಡೀತೋ” ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲಿ ಇರುತ್ತಿದ್ದದ್ದು ಹೆಮ್ಮೆಯೋ ಗಾಬರಿಯೋ ನನಗೆ ತಿಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆ ಎಂದರೆ ಮೈಕ್‌ಸೆಟ್. ಹೊಂಗೆಮರದ ತುದಿಗೆ ಸ್ಪೀಕರಿನ ಹಾರನ್ನು ಕಟ್ಟಿ ಹಾಡು ಹಾಕಿಸದಿದ್ದರೆ ಗಂಡಿನ ಕಡೆಯವರು ಊಟಕ್ಕೇ ಏಳುತ್ತಿರಲಿಲ್ಲ. ಪೇಟೆಯಲ್ಲಿ ಮೈಕ್‌ಸೆಟ್ಟಿನವರು ಇದ್ದರು. ಅಕ್ಕನ ಮದುವೆ ಗೊತ್ತಾದಾಗ ಅಪ್ಪ ಹೋಗಿ ಕೇಳಿದ. ಯಾವ ಬೀದಿ ಎಂದು ವಿಚಾರಿಸಿಕೊಂಡ ಮೇಲೆ ಅಂಗಡಿಯವನು “ಅಲ್ಲೀವರ್ಗೂ ವೈರು ಸಾಲಲ್ಲ ಹೋಗಯ್ಯ” ಎಂದನಂತೆ. ಊರಿನ ಮದುವೆಗಳಲ್ಲಿ ಕೆರೆಯ ಏರಿಯವರೆಗೂ ಎಳೆಯುತ್ತಿದ್ದ ಅವನ ವೈರು ನಮ್ಮ ಕಾಲೋನಿಗೆ ಮಾತ್ರ ಗಿಡ್ಡವಾಗುತ್ತಿತ್ತು.

ಅಪ್ಪ ಬಿಡಲಿಲ್ಲ. ಶಿರಾಕ್ಕೆ ಹೋಗಿ ಗಫೂರ್ ಸಾಬರನ್ನು ಕಂಡ. ಅವರು ಬೀದಿಯನ್ನು ಕೇಳಲೇ ಇಲ್ಲ. “ಶಾದಿ ಮನೆ ಯಾವ ಬೀದೀಲಿದ್ರೆ ನಂಗೇನು ಕದರಪ್ಪ? ಟೈಮ್ ಟೈಮ್‌ಗೆ ಚಾ ಕೊಟ್ರೆ ಬಸ್, ಸಾಕು” ಎಂದರು. ಬಸ್ಸಿನ ಮೇಲೆ ಹಾರನ್ನು, ಬ್ಯಾಟರಿ, ಪ್ಲೇಟಿನ ಪೆಟ್ಟಿಗೆ ಹಾಕಿಸಿಕೊಂಡು ಬಂದಿಳಿದರು. ನಮ್ಮ ಮನೆಯ ಲೋಟದಲ್ಲಿ ಚಾ ಕುಡಿದು, “ಒಸಿ ಸಕ್ರೆ ಜಾಸ್ತಿ ಆಯ್ತಮ್ಮ” ಎಂದು ದೂರಿದರು. ಹೊರಗಿನಿಂದ ಬಂದವರೊಬ್ಬರು ನಮ್ಮ ಮನೆಯ ಚಾ ಬಗ್ಗೆ ತಕರಾರು ತೆಗೆದದ್ದು ಅದೇ ಮೊದಲು. ಅವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಕೂಡಲೇ ಇನ್ನೊಂದು ಲೋಟ ಮಾಡಿಕೊಟ್ಟಳು.

ಅವರ ಪೆಟ್ಟಿಗೆಯಲ್ಲಿ ಕನ್ನಡ, ಹಿಂದಿ, ತೆಲುಗು ಸಿನಿಮಾ ಪ್ಲೇಟುಗಳ ನಡುವೆ ಒಂದು ಚಿಕ್ಕ ಇಂಗ್ಲಿಷ್ ಪ್ಲೇಟಿತ್ತು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಕಟ್ಟುಗಟ್ಟಲೆ ತಂದಾಗ ಜೊತೆಗೆ ಬಂದದ್ದಂತೆ. ಹರಿದ ಹೊದಿಕೆಯ ಮೇಲೆ ಒಂದು ಗುಂಪಿನ ಫೋಟೋ. ಗಂಡಸರು, ಹೆಂಗಸರು, ಎಲ್ಲರ ತಲೆಯ ಮೇಲೂ ದುಂಡಗೆ ಮಂಕರಿ ಬುಟ್ಟಿಯಷ್ಟು ಕೂದಲು. ಅವ್ವ ಅದನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು.

“ಇವ್ರು ನಮ್ಮೋರಿದ್ದಂಗೇ ಅವ್ರೆ ಕಣಮ್ಮ! ಯಾವೂರೋರು ಸಾಬ್ರೇ?”

“ಅಮೆರಿಕಾದೋರು ಅಮ್ಮಾ.”

“ಅಯ್ಯೋ, ಅಲ್ಲೂ ಅವ್ರಾ ನಮ್ಮೋರು?”

“ಎಲ್ಲಾ ಕಡೆ ಅವ್ರೆ” ಎಂದು ಸಾಬರು ಪ್ಲೇಟನ್ನು ಇಟ್ಟು ಮುಳ್ಳು ಇಳಿಸಿದರು.

ಮೊದಲು ಒಂದು ದಪ್ಪ ತಂತಿಯ ಸದ್ದು. ಎತ್ತಿನಗಾಡಿ ಇಳಿಜಾರಿನಲ್ಲಿ ತಡೆದು ತಡೆದು ಇಳಿದ ಹಾಗೆ. ಅದರ ಮೇಲೆ ಡ್ರಮ್ಮು, ಆಮೇಲೆ ಪೀಪಿ, ತುತ್ತೂರಿ. ಕೊನೆಗೆ ಒಬ್ಬ ಗಂಡಸಿನ ಗಂಟಲು, ಅರ್ಧ ಹಾಡು, ಅರ್ಧ ಜಗಳ. ಅವನು ಏನನ್ನೋ ಕೇಳುತ್ತಾನೆ, ಹೆಂಗಸರು ಗುಂಪಾಗಿ ಉತ್ತರ ಕೊಡುತ್ತಾರೆ. ಚಪ್ಪರದ ಕೆಳಗೆ ತಮಟೆ ಕಾಯಿಸಿಕೊಂಡು ನಿಂತಿದ್ದ ಅಪ್ಪ ಕತ್ತು ವಾಲಿಸಿ ಕೇಳಿದ. ಪಕ್ಕದವನಿಗೆ, “ಇದು ನಮ್ಮ ತಮಟೆ ಹೆಜ್ಜೇನೇ ಕಣ್ಲಾ. ನಡುವೆ ಒಂದೇಟು ನುಂಗ್ಬುಡ್ತಾನೆ ಅಷ್ಟೇ” ಎಂದ. ಆಮೇಲೆ ತಾನೂ ಒಂದೇಟು ನುಂಗಿ ಬಾರಿಸತೊಡಗಿದ. ಕೊರಟಗೆರೆ ಕಡೆಯಿಂದ ಬಂದಿದ್ದ ಬೀಗರು ಮೊದಲು ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಪೈಕಿಯ ಒಬ್ಬ ಹಿರಿಯರು ಪಂಚೆ ಎತ್ತಿ ಕಟ್ಟಿದರು. ಅಲ್ಲಿಗೆ ಎಲ್ಲರೂ ಕುಣಿದರು.

ಆ ಹೊತ್ತಿನಲ್ಲೇ ಓಬಳಪ್ಪ ಏದುಸಿರು ಬಿಡುತ್ತ ಓಡಿ ಬಂದದ್ದು.

ಓಬಳಪ್ಪ ಪಾವಗಡದ ಕಡೆಯವನು. ಕುರಿ ಮೇಯಿಸಿಕೊಂಡು ಬಂದು ನಮ್ಮೂರಿನ ಹಟ್ಟಿಯಲ್ಲೇ ನೆಲೆ ನಿಂತವನು. ಅವನ ಕನ್ನಡದಲ್ಲಿ ಅರ್ಧ ತೆಲುಗು, ಗಾಬರಿಯಾದರೆ ಪೂರ್ತಿ ತೆಲುಗು. ಹೆಗಲ ಕಂಬಳಿ ಜಾರುತ್ತಿತ್ತು. “ಎವರು ಪಿಲಿಚಿಂದಿ? ಯಾರಮ್ಮ ಕರದಿದ್ದು ನನ್ನ?” ಎಂದು ಕೇಳಿದ. ಹಾರನ್ನಿನಲ್ಲಿ ಹೆಂಗಸರ ಗುಂಪು ಮತ್ತೆ ಕೂಗಿತು. ಈಗ ನಮಗೂ ಸ್ಪಷ್ಟವಾಗಿ ಕೇಳಿಸಿತು: ಓಬಳಪ್ಪ! ಓಬಳಪ್ಪ!

“ಅಮೆರಿಕಾದೋರು ಕರೀತಾವ್ರೆ ಭಯ್ಯಾ” ಎಂದರು ಗಫೂರ್ ಸಾಬರು, ಮುಖ ಗಂಟಿಕ್ಕಿಕೊಂಡು.

ಅವನು ನಂಬಿದ. ನಾವೂ ನಂಬಿದೆವು. ಕದಿರಿ, ಪಾವಗಡದ ಕಡೆಯೆಲ್ಲ ಓಬಳಪ್ಪಗಳು ಇರುವಾಗ ಅಮೆರಿಕದಲ್ಲಿ ಒಬ್ಬ ಇರಬಾರದೇ? ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಎಲ್ಲಿ ಆ ಹಾಡು ಕೇಳಿದರೂ ಕುರಿಗಳನ್ನು ಅಲ್ಲೇ ಬಿಟ್ಟು ಬಂದು ಹಾರನ್ನಿನ ಕೆಳಗೆ ನಿಲ್ಲುತ್ತಿದ್ದ.

ಮಾರನೆಯ ಬೆಳಿಗ್ಗೆ ಊರ ಪಟೇಲರ ಮನೆಯಿಂದ ಆಳು ಬಂದ. ಅಪ್ಪನನ್ನು ಕರೆಯುತ್ತಿದ್ದಾರಂತೆ. ಕಾಲೋನಿಯಲ್ಲಿ ಮೈಕ್ ಹಾಕಿಸಿದ್ದಕ್ಕೆ ಇನ್ನೇನು ಕಾದಿದೆಯೋ ಎಂದು ಅವ್ವ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಅಲ್ಲಿ ನಡೆದದ್ದನ್ನು ಅಪ್ಪ ಆಮೇಲೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾನೋ. ಪಟೇಲರು ಜಗಲಿಯ ಮೇಲೆ, ಅಪ್ಪ ಅಂಗಳದ ಆಚೆ.

“ಲೇ ಕದರ, ನಿನ್ನೆ ಅದೇನ್ಲಾ ಹಾಡು?”

“ತಪ್ಪಾಯ್ತು ಬುದ್ಧಿ.”

“ತಪ್ಪೇನು ಬಂತು? ಭಾಳ ಚೆನ್ನಾಗದೆ. ಸಾಬ್ರಿಗೆ ಹೇಳು, ನಮ್ಮನೆ ಕಾರ್ಯಕ್ಕೂ ಅದ್ನೇ ಹಾಕ್ಲಿ.”

ಪಟೇಲರಿಗೆ ಹಾಡಿನ ಖಯಾಲಿ ಇತ್ತು ಎಂಬುದನ್ನು ಒಪ್ಪಬೇಕು. ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹೀಗೆ ನಮ್ಮ ಚಪ್ಪರದಲ್ಲಿ ಮೊದಲು ಕೇಳಿದ ಹಾಡು ಹಳ್ಳ ದಾಟಿ ಊರಿಗೆ ಹೋಯಿತು. ನಾಮಕರಣಕ್ಕೆ ಅದು, ಒಸಗೆಗೆ ಅದು. ಶಾಲೆಯ ಹೆಡ್‌ಮಾಸ್ತರರು ಅದರ ಹೆಜ್ಜೆ ಕೇಳಿ, ಇದು ಯಾವುದೋ ದೇಶದ ರಾಷ್ಟ್ರಗೀತೆಯೇ ಇರಬೇಕೆಂದು ತೀರ್ಮಾನಿಸಿ ಸ್ವಾತಂತ್ರ್ಯ ದಿನದ ಡ್ರಿಲ್ಲಿಗೆ ಹಾಕಿಸಿದರು. ನಡುವೆ ನುಂಗಿದ ಏಟು ಬಂದಾಗಲೆಲ್ಲ ಎಡಗಾಲು ಇಡುವವರು ಬಲಗಾಲು ಇಟ್ಟು, ಸಾಲೆಲ್ಲ ಕಲಸಿ, ಕೊನೆಗೆ ಧ್ವಜಕ್ಕೆ ಅರ್ಧ ಜನ ಬೆನ್ನು ಹಾಕಿ ನಿಂತಿದ್ದೆವು. ನಾನು ಆ ಅರ್ಧದಲ್ಲಿದ್ದೆ.

ಆಮೇಲೆ ನಾನು ಪಿಯುಸಿಗೆ ಮಧುಗಿರಿಗೆ ಹೋದೆ. ಹಾಸ್ಟೆಲಿನಲ್ಲಿ ವಾಸ. ಕಾಲೇಜಿಗೆ ಇಂಗ್ಲಿಷ್ ಪಾಠಕ್ಕೆ ಸುಶೀಲಾ ಮೇಡಂ ಎಂಬವರು ಬೆಂಗಳೂರಿನಿಂದ ಹೊಸದಾಗಿ ಬಂದಿದ್ದರು. ಎಳೆಯ ವಯಸ್ಸು, ಮಧುಗಿರಿಯ ಬಿಸಿಲು ಅವರಿಗೆ ಹಿಡಿಸದು. ಪಾಠ ಮಾಡುತ್ತಲೇ ಕಿಟಕಿಯಾಚೆ ಬೆಟ್ಟದ ಬಂಡೆಯನ್ನು ನೋಡಿ ಉಸ್ಸೆನ್ನುತ್ತಿದ್ದರು. ನನಗೋ ಇಂಗ್ಲಿಷ್ ಎಂದರೆ ಓದಲು ಬರುವ, ಆಡಲು ಬಾರದ ಭಾಷೆ. ಅವರು ಏನು ಕೇಳಿದರೂ “ಎಸ್ ಮೇಡಂ” ಎನ್ನುತ್ತಿದ್ದೆ. “ನಿನ್ನ ಹೆಸರೇನು?” ಎಂದು ಕೇಳಿದ್ದಕ್ಕೂ ಒಮ್ಮೆ ಹಾಗೇ ಅಂದೆ.

ಕಾಲೇಜ್ ಡೇಗೆ ಮೈಕ್‌ಸೆಟ್ ಬಂತು. ನೋಡಿದರೆ ಗಫೂರ್ ಸಾಬರು! “ಅರೇ ಬೇಟಿ, ನೀನು ಇಲ್ಲಿ?” ಎಂದು ಕಣ್ಣರಳಿಸಿದರು. ನನ್ನ ಸಲುವಾಗಿ ಆ ಪ್ಲೇಟು ಹಾಕಿದರು. ಮಧುಗಿರಿಯಲ್ಲಿ ಹಾರನ್ನಿನ ಸದ್ದು ಬೆಟ್ಟಕ್ಕೆ ತಾಗಿ ವಾಪಸು ಬರುತ್ತದೆ. ಅಲ್ಲೊಬ್ಬ, ಇಲ್ಲೊಬ್ಬ, ಇಬ್ಬಿಬ್ಬರು ಓಬಳಪ್ಪಗಳು. ಸುಶೀಲಾ ಮೇಡಂ ಕಾರ್ಯಕ್ರಮದ ಗಡಿಬಿಡಿಯನ್ನೆಲ್ಲ ಬಿಟ್ಟು ಬಂದು ಮೆಷೀನಿನ ಪಕ್ಕ ಕೂತರು. ಮುಗಿದ ಮೇಲೆ, “ಇನ್ನೊಂದು ಸಲ ಹಾಕಿ” ಎಂದರು. ಬೆಂಗಳೂರಿನಲ್ಲಿ ಇಂಥ ಹಾಡು ಕೇಳಿ ಬೆಳೆದವರಂತೆ, ಅವರ ಕಣ್ಣು ತುಂಬಿತ್ತು.

ನಾನು ಧೈರ್ಯ ಮಾಡಿ, “ಇದು ಓಬಳಪ್ಪನ ಹಾಡು ಮೇಡಂ” ಎಂದೆ.

“ಯಾರವನು?”

“ನಮ್ಮೂರಲ್ಲಿ ಕುರಿ ಕಾಯ್ತಾನೆ ಮೇಡಂ. ಅಮೆರಿಕಾದಲ್ಲೂ ಒಬ್ಬ ಇದಾನೆ. ಅವನನ್ನೇ ಇವರು ಕರೀತಾ ಇರೋದು.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಅದು ಓಬಳಪ್ಪ ಅಲ್ಲ, ‘ಓಪನ್ ಅಪ್.’ ಬಾಗಿಲು ತೆಗೆಯಿರಿ.

ಹಾಡಿನಲ್ಲಿ ಒಬ್ಬ ಮನುಷ್ಯ ದೊಡ್ಡ ಮನೆಯೊಂದರ ಮುಂಬಾಗಿಲಿನಲ್ಲಿ ನಿಂತಿದ್ದಾನೆ. ಈ ನೆಲ ಹಾಕಿದ್ದು ಯಾರು ಎಂದು ಕೇಳುತ್ತಾನೆ. ನಮ್ಮಪ್ಪ, ಎನ್ನುತ್ತದೆ ಗುಂಪು. ಈ ಗೋಡೆ ಒರೆಸಿದ್ದು ಯಾರು? ನಮ್ಮಮ್ಮ. ಹಾಗಾದರೆ ನನ್ನನ್ನೇಕೆ ಹಿತ್ತಲಿಗೆ ಹೋಗು ಅನ್ನುತ್ತೀರಿ? ನಾನು ಭಿಕ್ಷೆಗೆ ಬಂದಿಲ್ಲ, ಕದಿಯಲು ಬಂದಿಲ್ಲ, ನೆಂಟನ ಹಾಗೆ ಮುಂಬಾಗಿಲಿಗೆ ಬಂದಿದ್ದೇನೆ. ತೆಗೆಯಿರಿ. ತೆಗೆಯಿರಿ.

ಬೆಟ್ಟದ ಕಡೆಯಿಂದ ಕೂಗು ತಿರುಗಿ ಬರುತ್ತಲೇ ಇತ್ತು. ಇಷ್ಟು ವರ್ಷ ಇದನ್ನೇ ನಮ್ಮ ಹಳ್ಳದ ಆಚೆ ಈಚೆ ಮರದ ತುದಿಯಿಂದ ಕೂಗಿಸಿದ್ದೆವಲ್ಲ! ಪಟೇಲರು ಕಣ್ಣು ಮುಚ್ಚಿ ತಲೆದೂಗಿದ್ದು ಇದಕ್ಕೇ ಅಲ್ಲವೇ! ನಗು ಬಂತು. ಆಮೇಲೆ ಅಪ್ಪ ಆ ಅಂಗಳದ ಆಚೆ ನಿಲ್ಲುತ್ತಿದ್ದದ್ದು ಕಣ್ಣಿಗೆ ಕಟ್ಟಿ ನಗು ನಿಂತುಹೋಯಿತು.

ರಜಕ್ಕೆ ಊರಿಗೆ ಹೋದಾಗ ಮೊದಲು ಅಪ್ಪನಿಗೆ ಹೇಳಿದೆ. ಅವನು ಸುತ್ತ ನೋಡಿ, “ಮೆತ್ತಗೆ ಹೇಳು” ಎಂದ. ಪೂರ್ತಿ ಕೇಳಿದ. ಒಂದಿಷ್ಟು ಹೊತ್ತು ಬೀಡಿ ಸೇದಿದ. “ಅವ್ರೂವೆ ಹಿತ್ಲಿಂದ್ಲೇ ಹೋಗ್ಬೇಕಾ?” ಎಂದು ಕೇಳಿದ. ಹೌದಂತೆ ಎಂದೆ.

ಆ ರಜದಲ್ಲೇ ಪಟೇಲರ ಹೊಸ ಮನೆಯ ಗೃಹಪ್ರವೇಶ. ಆ ಮನೆಗೆ ಕಲ್ಲು ಹೊತ್ತದ್ದು, ಮಣ್ಣು ತುಳಿದದ್ದು ನಮ್ಮ ಕಾಲೋನಿಯವರು. ಅವ್ವ ಉಳಿದ ಹೆಂಗಸರ ಜೊತೆ ಕೂತು ಗಾರೆಯ ನೆಲ ತಟ್ಟಿದ್ದಳು. ಮುಂಬಾಗಿಲು ಮಧುಗಿರಿಯಿಂದ ಗಾಡಿಯಲ್ಲಿ ಬರುವಾಗ ಹಳ್ಳದ ಮರಳಿನಲ್ಲಿ ಗಾಲಿ ಹೂತುಹೋಗಿ, ಅಪ್ಪನೂ ಅವನ ಜೊತೆಯವರೂ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಈಗ ಆ ಬಾಗಿಲಿಗೆ ಮಾವಿನ ತೋರಣ, ಅರಿಶಿನ ಕುಂಕುಮ. ನಾವು ಹಿತ್ತಲ ಹುಲ್ಲುಬಣವೆಯ ಪಕ್ಕ ಊಟದ ಎಲೆಗಾಗಿ ಕಾಯುತ್ತಿದ್ದೆವು. ಗಫೂರ್ ಸಾಬರ ಹಾರನ್ನು ಮುಂದಿನ ಬೇವಿನ ಮರದಲ್ಲಿತ್ತು. ಪಟೇಲರ ಅಪ್ಪಣೆಯಂತೆ ಅದೇ ಹಾಡು.

ಮುಂದಿನ ಜಗಲಿಯಲ್ಲಿ ಪೇಟೆಯಿಂದ ಬಂದ ನೆಂಟರಿದ್ದರು. ಅವರಲ್ಲೊಬ್ಬರು ಹಾಡಿನ ಅರ್ಥವೇನು ಎಂದು ಕೇಳಿದರಂತೆ. ಪಟೇಲರಿಗೆ ಗೊತ್ತಿಲ್ಲ. “ನಮ್ಮ ಕದರನ ಮಗಳು ಕಾಲೇಜಲ್ಲವಳೆ, ಕರೀರ್ಲಾ” ಎಂದರು. ಊರಿನ ಹುಡುಗಿ ಇಂಗ್ಲಿಷ್ ಬಲ್ಲಳು ಎಂದು ನೆಂಟರಿಗೆ ತೋರಿಸುವ ಹೆಮ್ಮೆಯೂ ಅದರಲ್ಲಿತ್ತು. ನಾನು ಹೋಗಿ ಅಂಗಳದಲ್ಲಿ ನಿಂತೆ. ಅಪ್ಪ ನನ್ನ ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ನಿಂತ.

“ಏನಂತಮ್ಮಿ ಆ ಹಾಡು? ಹೇಳು ನೋಡಾನ.”

ದೇವರ ಹಾಡು ಎನ್ನಬಹುದಿತ್ತು. ಪ್ರೀತಿಯ ಹಾಡು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಎರಡೂ ಬಂದವು. ನಾನು ಅಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಆಗ ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತಿದ್ದ ಪಟೇಲರ ತಾಯಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, “ಜೋರಾಗಿ ಹೇಳಮ್ಮಿ, ನಂಗೂ ಕೇಳ್ಬೇಕು” ಎಂದರು. ಅವರಿಗೆ ಕಣ್ಣು ಮಂಜಾಗಿತ್ತು. ಕಿವಿ ಚುರುಕು.

ಹೇಳಿದೆ. ಮೇಡಂ ಬಿಡಿಸಿ ಹೇಳಿದಂತೆಯೇ ನೆಲ, ಗೋಡೆ, ಹಿತ್ತಲು, ಮುಂಬಾಗಿಲು ಎಲ್ಲವನ್ನೂ ಹೇಳಿದೆ. ಮುಗಿಸುವ ಹೊತ್ತಿಗೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದೆ.

ಅಷ್ಟರಲ್ಲಿ ಹಿತ್ತಲಲ್ಲಿದ್ದ ನಮ್ಮವರೂ ಒಬ್ಬೊಬ್ಬರಾಗಿ ಮನೆಯ ಮೂಲೆಗೆ ಬಂದು ನಿಂತಿದ್ದರು. ದೊಡ್ಡಮ್ಮ ಒಳಗಿನಿಂದಲೇ ಕೇಳಿದರು. “ಈ ಬಾಗ್ಲು ಹೊತ್ಕಂಡ್ ಬಂದಿದ್ದು ಕದರನೇ ಅಲ್ವೇನ್ಲಾ ಮಗ?”

ಪಟೇಲರ ಮುಖ ಕೆಂಪಾಯಿತು. “ಸಾಬ್ರೇ, ನಿಲ್ಸಿ ಆ ಹಾಡ್ನ!” ಎಂದು ಕೂಗಿದರು.

ಸರಿಯಾಗಿ ಆಗಲೇ ಮುಳ್ಳು ಪ್ಲೇಟಿನ ಗೀರಿನಲ್ಲಿ ಸಿಕ್ಕಿಕೊಂಡಿತು. ಹೆಂಗಸರ ಗುಂಪು ಒಂದೇ ಮಾತನ್ನು ಹಿಡಿದು ಕೂತಿತು: ಓಪನ್ ಅಪ್, ಓಪನ್ ಅಪ್, ಓಪನ್ ಅಪ್. ಸಾಬರು ಮೆಷೀನಿನ ಮೇಲೆ ಬಗ್ಗಿ ಏನೇನೋ ತಿರುಗಿಸಿದರು. “ಅಟಕ್ ಗಯಾ ಸಾಮಿ, ಅಟಕ್ ಗಯಾ!” ಎಂದು ತಲೆ ಚಚ್ಚಿಕೊಂಡರು. ಬೇಕೆಂದೇ ಮಾಡಿದಿರಾ ಎಂದು ನಾನು ಎಷ್ಟೋ ವರ್ಷದ ಮೇಲೆ ಶಿರಾದಲ್ಲಿ ಅವರ ಮನೆಗೆ ಹೋದಾಗ ಕೇಳಿದ್ದುಂಟು. “ಮುಳ್ಳು ಹಳೇದು ಬೇಟಿ” ಎಂದು ಚಾ ಸುರಿದರು.

ಅಂಗಳದಲ್ಲಿ ಹಾಡು ಹಾಗೇ ಕೂಗುತ್ತಿದ್ದಾಗ ದೂರದ ಬದುವಿನ ಮೇಲೆ ಒಂದು ಕಂಬಳಿ ಕಾಣಿಸಿತು. ಓಬಳಪ್ಪ! ಇಷ್ಟು ಸಲ ಬಿಡದೆ ಕರೆದದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. “ವಸ್ತುನ್ನಾ, ವಸ್ತುನ್ನಾ! ಬಂದೆ!” ಎಂದು ಕೂಗುತ್ತ ಓಡಿಬರುತ್ತಿದ್ದ. ಹಿಂದೆ ಅವನ ಕುರಿಗಳೂ ಓಡಿಬಂದು ಬಾಳೆಕಂಬಕ್ಕೆ ಬಾಯಿ ಹಾಕಿದವು. ಮೂಲೆಯಲ್ಲಿ ನಿಂತಿದ್ದ ನಮ್ಮವರಲ್ಲಿ ಯಾರೋ ಕಿಸಕ್ಕೆಂದರು. ಜಗಲಿಯ ನೆಂಟರು ನಕ್ಕರು. ದೊಡ್ಡಮ್ಮ ಬೊಚ್ಚುಬಾಯಿ ತೆರೆದು ನಕ್ಕರು. ಪಟೇಲರ ಮೀಸೆಯೂ ಒಮ್ಮೆ ಅದುರಿದ್ದನ್ನು ನಾನು ಕಂಡೆ. ವಿಷಯ ತಿಳಿದ ಓಬಳಪ್ಪ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, “ಅಂಗಾರೆ ಅದು ನಾ ಪೇರು ಕಾದಾ ತಲ್ಲಿ? ನನ್ನೆಸ್ರು ಅಲ್ವಾ?” ಎಂದ. ಅಲ್ಲ ಎಂದು ಹೇಳುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ. “ನಿನ್ನ ಹೆಸರಿನಂಗೇ ಅದೆ” ಎಂದೆ.

ನಗುವಿನಲ್ಲಿ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಆ ವರ್ಷ ಪಟೇಲರ ಹೊಲದಲ್ಲಿ ಕಡ್ಲೆಕಾಯಿ ಕೀಳಲು ನಮ್ಮ ಮನೆಯವರನ್ನು ಕರೆಯಲಿಲ್ಲ. ಅವರನ್ನು ನೋಡಿ ಉಳಿದವರೂ ಕರೆಯಲಿಲ್ಲ. ಅಪ್ಪ ಅವ್ವ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ವೈ.ಎನ್. ಹೊಸಕೋಟೆ ಕಡೆಗೆ ಕಡ್ಲೆಕಾಯಿ ಕೀಳಲು ಹೋದರು. ಓಬಳಪ್ಪನೇ ತನ್ನ ನೆಂಟರ ಮೂಲಕ ಅಲ್ಲಿ ಕೆಲಸ ಗೊತ್ತು ಮಾಡಿಕೊಟ್ಟ. ಹೊರಡುವ ಮುಂಚೆ ಅವ್ವ ನನ್ನನ್ನು ಚೆನ್ನಾಗಿ ಬೈದಳು. “ಒಂದು ಸುಳ್ಳು ಹೇಳಕ್ಕೆ ಬರ್ಲಿಲ್ವಾ ನಿಂಗೆ? ಕಾಲೇಜಲ್ಲಿ ಅದ್ನೂ ಕಲಿಸ್ಲಿಲ್ವಾ?” ನಾನು ಅತ್ತೆ. ಓದು ಬಿಟ್ಟು ನಾನೂ ಬರುತ್ತೇನೆ ಎಂದೆ. ಅಪ್ಪ ಗಂಟು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. “ಅವ್ರು ಕೇಳುದ್ರು, ಇವ್ಳು ಹೇಳುದ್ಲು. ಬುಡು ಅತ್ಲಾಗೆ” ಎಂದು ಅವ್ವನಿಗೆ ಹೇಳಿದ. ನನಗೆ, “ನೀನು ಬಸ್ಸಿಗೆ ಹೊರಡು, ಹೊತ್ತಾಗ್ತದೆ” ಎಂದ.

ಮುಂದಿನ ಬೇಸಿಗೆ ರಜದಲ್ಲಿ ನಾನು ಮನೆಯಲ್ಲಿದ್ದಾಗ ದೊಡ್ಡಮ್ಮ ತೀರಿಕೊಂಡರು. ಬೆಳಗಿನ ಬಿಸಿಲು ಏರುವ ಮೊದಲೇ ಪಟೇಲರ ಆಳು ಬಂದು, ತಮಟೆ ತಗೊಂಡು ಬರಬೇಕಂತೆ ಎಂದ. ಅಪ್ಪ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದ. ಮಡಿ ಪಂಚೆ ಉಟ್ಟ. ಅದು ಅಕ್ಕನ ಮದುವೆಗೆ ಕೊಂಡದ್ದು. ಸಾವಿಗೆ ಅದನ್ನೇಕೆ ಉಡುತ್ತಾನೆ ಎಂದು ಅವ್ವ ನನ್ನ ಮುಖ ನೋಡಿದಳು. ನಾವೂ ಹಿಂದೆ ಹೋದೆವು.

ದೊಡ್ಡಮ್ಮನನ್ನು ಇನ್ನೂ ಒಳಗೆ ಪಡಸಾಲೆಯಲ್ಲೇ ಮಲಗಿಸಿದ್ದರು. ಪಟೇಲರು ಹೊಸ್ತಿಲ ಬಳಿ ಬಾಗಿಲಿಗೆ ಒರಗಿ ಕೂತಿದ್ದರು. ಒಂದೇ ದಿನದಲ್ಲಿ ಮುದುಕರಾಗಿದ್ದರು. ಅಪ್ಪ ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲಿಲ್ಲ. ಅಂಗಳ ದಾಟಿ ಜಗಲಿಯ ಮೆಟ್ಟಿಲವರೆಗೂ ನಡೆದ.

“ಬುದ್ಧಿ, ಅಮ್ಮನ ಮಕ ನೋಡ್ಬೇಕು. ನೋಡಿ ಬಂದು ಬಾರುಸ್ತೀನಿ.”

ನೆಂಟನೊಬ್ಬ ನಡುವೆ ಬಾಯಿ ಹಾಕಿದ. “ಆಚಿಕ್ಕೆ ತಂದ್ ಕೂರುಸ್ತಾರೆ, ಆವಾಗ ನೋಡೀವಂತೆ, ಹಿಂದುಕ್ ಸರಿ.”

“ಇಲ್ಲ ಸಾಮಿ” ಎಂದ ಅಪ್ಪ. ಧ್ವನಿ ಎತ್ತರಿಸಲಿಲ್ಲ. “ಅವ್ರೇ ಎದ್ದು ಆಚಿಕ್ ಬರಂಗಿದ್ರೆ ಕಾಯ್ತಿದ್ದೆ. ಇನ್ನೊಬ್ರು ಹೊತ್ಕಂಡ್ ಬರೋವರ್ಗೂ ನಾನು ಕಾಯಲ್ಲ. ನಾನೇ ಹೋಯ್ತೀನಿ.”

ಯಾರೋ ಗದರಿದರು. ಯಾರೋ ಅವನ ತೋಳು ಹಿಡಿಯಲು ಮುಂದೆ ಬಂದರು. ಅವ್ವ ನನ್ನ ಕೈ ಹಿಡಿದುಕೊಂಡಳು. ಅಪ್ಪ ಕದಲಲಿಲ್ಲ. ತಮಟೆಯನ್ನು ಜಗಲಿಯ ಅಂಚಿಗೆ ಒರಗಿಸಿಟ್ಟು ಪಟೇಲರ ಮುಖವನ್ನೇ ನೋಡುತ್ತ ನಿಂತ. ಕೊನೆಗೆ ಪಟೇಲರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕಷ್ಟದಿಂದ ಎದ್ದರು, ಪಕ್ಕಕ್ಕೆ ಸರಿದರು.

“ಬಾ ಕದರಪ್ಪ” ಎಂದರು.

ಆ ಬಾಯಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪ ಕಾಲು ಒರೆಸಿಕೊಂಡು ಒಳಗೆ ಹೋದ. ಹೊರಗೆ ನಿಂತ ನಮಗೆ ಏನೂ ಕಾಣಲಿಲ್ಲ, ಹೆಂಗಸರ ಅಳು ಒಂದು ಕ್ಷಣ ತಗ್ಗಿದ್ದು ಮಾತ್ರ ಕೇಳಿಸಿತು. ತಿರುಗಿ ಬಂದವನು ತಮಟೆ ಎತ್ತಿಕೊಂಡು, ಮಣ್ಣು ಮಾಡಿ ಬರುವವರೆಗೂ ಬಾರಿಸಿದ. ಅಷ್ಟು ಚೆನ್ನಾಗಿ ಅವನು ಬಾರಿಸಿದ್ದನ್ನು ನಾನು ಬೇರೆ ಕಡೆ ಕೇಳಿಲ್ಲ.

ಅಂದಿನಿಂದ ಎಲ್ಲ ಬಾಗಿಲುಗಳೂ ತೆರೆದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಊರಲ್ಲಿ ಕೆಲವು ಮನೆಗಳು ತೆರೆದವು, ಕೆಲವು ತೆರೆಯಲಿಲ್ಲ. ತೆರೆಯದ ಮನೆಗಳಿಗೆ ಅಪ್ಪ ತಮಟೆ ತೆಗೆದುಕೊಂಡು ಹೋಗುವುದನ್ನು ನಿಲ್ಲಿಸಿದ. ಕಡ್ಲೆಕಾಯಿ ಕೀಳಲು ಪಟೇಲರ ಮನೆಯಿಂದ ಮತ್ತೆ ಕರೆ ಬಂತು. ನಾನು ಓದು ಮುಗಿಸಿ ಬಡವನಹಳ್ಳಿಯ ಹತ್ತಿರ ಒಂದು ಶಾಲೆಗೆ ಟೀಚರಾಗಿ ಹೋದೆ. ಗಫೂರ್ ಸಾಬರು ಕ್ಯಾಸೆಟ್ ಬಂದ ಮೇಲೆ ಪ್ಲೇಟುಗಳನ್ನೆಲ್ಲ ಮಾರಿದರು. ಅದೊಂದು ಯಾರ ಕೈಗೆ ಹೋಯಿತೋ ಅವರಿಗೂ ನೆನಪಿಲ್ಲ.

ಆದರೆ ದೊಡ್ಡಮ್ಮನನ್ನು ಮಣ್ಣು ಮಾಡಿ ಬಂದ ಆ ಸಂಜೆ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಸ್ನಾನ ಮಾಡಿ, ಗಂಜಿ ಕುಡಿದು, ಅಪ್ಪ ಬಾಗಿಲಲ್ಲಿ ಕೂತಿದ್ದ. ಕಾಲೋನಿಯವರ ಪೈಕಿ ಪಟೇಲರ ಆ ಮನೆ ಕಟ್ಟಿದ ಮೇಲೆ ಅದರೊಳಗೆ ಹೋಗಿ ಬಂದ ಮೊದಲನೆಯವನು ಅವನೇ. ಅಕ್ಕಪಕ್ಕದವರೆಲ್ಲ ಬಂದು ಸುತ್ತ ಕೂತಿದ್ದರು, ಯಾರಿಗೂ ಕೇಳುವ ಧೈರ್ಯವಿಲ್ಲ. ನಾನೇ ಕೇಳಿದೆ.

“ಅಪ್ಪಾ, ಒಳಗೆ ಹೆಂಗದೆ?”

ಅವನು ಯೋಚಿಸಿದ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ.

“ಏನಿಲ್ಲ ಕಣಮ್ಮ” ಎಂದ. “ಒಂದು ಮನೆ ಅಷ್ಟೇ. ನಮ್ಮನೇಗಿಂತ ಒಸಿ ದೊಡ್ಡದು.”